ಪದದ ಬೇರು, ಮಾತಿನ ಫಲ

ಇಂಗ್ಲಿಷ್ ಕಲಿಸುವ ಪುಸ್ತಕಗಳಿಗೆ ನಮ್ಮ ಪೇಟೆಗಳಲ್ಲಿ ಎಂದೂ ಬರವಿಲ್ಲ. ವ್ಯಾಕರಣ ಹೇಳುವವು, ಪತ್ರ ಬರೆಯಲು ಕಲಿಸುವವು, ಒಂದೇ ತಿಂಗಳಲ್ಲಿ ನಿರರ್ಗಳವಾಗಿ ಮಾತನಾಡಿಸುತ್ತೇವೆಂದು ರಕ್ಷಾಪುಟದಲ್ಲಿಯೇ ಭಾಷೆ ಕೊಡುವವು ಬರುತ್ತವೆ, ಹೋಗುತ್ತವೆ. ಈ ಸಂತೆಯಲ್ಲಿ ಬಂದು ಹೋಗದೆ ನಿಂತ ಗ್ರಂಥವೊಂದಿದೆ. ಅಮೆರಿಕದ ನಾರ್ಮನ್ ಲೂಯಿಸ್ ಎಂಬವರು 1949ರಲ್ಲಿ ಪ್ರಕಟಿಸಿ, 1978ರಲ್ಲಿ ಪರಿಷ್ಕರಿಸಿದ ‘ವರ್ಡ್ ಪವರ್ ಮೇಡ್ ಈಸಿ’ ಅದು. ಉದ್ಯೋಗದ ಪರೀಕ್ಷೆಗೆ ಸಿದ್ಧರಾಗುವ ತರುಣರ ಕೈಯಲ್ಲಿ ಇಂದಿಗೂ ಅದನ್ನು ಕಾಣಬಹುದು. ಇಷ್ಟು ಕಾಲ ಬಾಳಿದ ಪುಸ್ತಕವನ್ನು ಬರಿಯ ಕೈಪಿಡಿಯೆಂದು ತಳ್ಳಿಹಾಕುವುದು ಸಲ್ಲದು. ಅದರ ಗುಣದೋಷಗಳನ್ನು ಸಾವಧಾನವಾಗಿ ನೋಡುವುದೇ ಮೇಲು.

ಪುಸ್ತಕದ ಮೊದಲ ಗುಣ ಅದರ ಏರ್ಪಾಡು. ಲೂಯಿಸರು ನಿಘಂಟಿನಂತೆ ಅಕ್ಷರಾನುಕ್ರಮದಲ್ಲಿ ಪದಗಳನ್ನು ಪೇರಿಸುವುದಿಲ್ಲ. ಮನುಷ್ಯಸ್ವಭಾವ, ವೈದ್ಯರು, ಸುಳ್ಳುಗಾರರು, ಮಾತಿನ ಚಾಳಿಗಳು ಎಂದು ವಿಷಯಕ್ಕೊಂದು ಅಧ್ಯಾಯ. ಅಮರಕೋಶವನ್ನು ವರ್ಗವರ್ಗವಾಗಿ ಕಂಠಪಾಠ ಮಾಡಿದ ಪರಂಪರೆಯವರಿಗೆ ಇದು ತೀರ ಹೊಸದಲ್ಲ. ಮೊದಲು ಒಂದು ಭಾವನೆ, ಅದಕ್ಕೊಪ್ಪುವ ಪದ, ಅನಂತರ ಆ ಪದದ ಲ್ಯಾಟಿನ್ ಅಥವಾ ಗ್ರೀಕ್ ಮೂಲ, ಆ ಮೂಲದಿಂದ ಹುಟ್ಟಿದ ಬಳಗ: ಇದು ಅವರ ಕ್ರಮ. ‘ಈಗೋ’ ಎಂದರೆ ಲ್ಯಾಟಿನ್ನಿನಲ್ಲಿ ‘ನಾನು’. ಅದರಿಂದ ಬಂದ ‘ಈಗೋಯಿಸ್ಟ್’ ಎಲ್ಲದರಲ್ಲಿಯೂ ತನ್ನ ಲಾಭವನ್ನು ನೋಡುವವನು. ನಡುವೆ ಒಂದು ‘ಟಿ’ ಸೇರಿದ ‘ಈಗೋಟಿಸ್ಟ್’ ತನ್ನನ್ನೇ ಕೊಚ್ಚಿಕೊಳ್ಳುವವನು. ಇಂಥ ಸೂಕ್ಷ್ಮಗಳನ್ನು ಬೇಸರವಾಗದಂತೆ ಹೇಳುವ ಕಲೆ ಲೂಯಿಸರಿಗೆ ಸಿದ್ಧಿಸಿದೆ. ಪದವನ್ನು ಗಟ್ಟಿಯಾಗಿ ಉಚ್ಚರಿಸಿ, ಬರೆದು, ಮತ್ತೆ ಪರೀಕ್ಷಿಸಿಕೊಳ್ಳಿರೆಂದು ಅವರು ಒತ್ತಾಯಿಸುವುದೂ ಒಳ್ಳೆಯ ಅಧ್ಯಾಪಕನ ಲಕ್ಷಣ.

ಈ ಮಾರ್ಗದಲ್ಲಿ ನಡೆಯಲು ಕನ್ನಡಿಗನಿಗೆ ಒಂದು ಅನುಕೂಲವೂ ಉಂಟು. ಉಪಸರ್ಗ ಎಂದರೇನೆಂದು ಅವನಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಹಾರ, ವಿಹಾರ, ಸಂಹಾರ, ಪರಿಹಾರ, ಪ್ರಹಾರ ಇವೆಲ್ಲ ಒಂದೇ ಧಾತುವಿನ ಮಕ್ಕಳೆಂಬುದನ್ನು ಅವನು ಶಾಲೆಯಲ್ಲಿಯೇ ಕೇಳಿರುತ್ತಾನೆ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ನುಗಳಿಗೂ ಒಂದೇ ಮೂಲವಿರಬೇಕೆಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಾರಿದ್ದು 1786ರಲ್ಲಿ. ಸಂಸ್ಕೃತದಿಂದ ನಮ್ಮ ಭಾಷೆಗೆ ಬಂದ ದಂತ ‘ಡೆಂಟಿಸ್ಟ್’ನಲ್ಲಿದೆ, ಮಾತೃ ‘ಮೆಟರ್ನಲ್’ನಲ್ಲಿದ್ದಾಳೆ, ‘ಟ್ರೈಪಾಡ್’ ಎಂಬುದು ನಮ್ಮ ತ್ರಿಪಾದವೇ. ‘ಈಗೋ’ ಕೂಡ ನಮ್ಮ ‘ಅಹಂ’ನ ದಾಯಾದಿ. ಅಮೆರಿಕದ ವಿದ್ಯಾರ್ಥಿ ಹೊಸದಾಗಿ ಕಲಿಯಬೇಕಾದ ಬೇರುಗಳಲ್ಲಿ ಎಷ್ಟೋ ನಮ್ಮ ಹಿತ್ತಲಲ್ಲೇ ಇವೆ.

ಆದರೆ ಬೇರು ಬಲ್ಲವನು ಹಣ್ಣಿನ ರುಚಿಯನ್ನೂ ಬಲ್ಲನೆಂದು ಹೇಳಲಾಗದು. ‘ಪೀಡಿಯಾಟ್ರಿಷಿಯನ್’ ಎಂದರೆ ಮಕ್ಕಳ ವೈದ್ಯ, ‘ಪೆಡೆಸ್ಟ್ರಿಯನ್’ ಎಂದರೆ ಕಾಲ್ನಡಿಗೆಯವ. ಎರಡಕ್ಕೂ ಮೊದಲಿನ ಅಕ್ಷರಗಳು ಒಂದೇ. ಒಂದರ ಮೂಲ ಗ್ರೀಕಿನ ಶಿಶು, ಇನ್ನೊಂದರದು ಲ್ಯಾಟಿನ್ನಿನ ಪಾದ. ‘ಇನ್’ ಎಂಬ ಉಪಸರ್ಗ ನಿಷೇಧಾರ್ಥಕವೆಂದು ಬಾಯಿಪಾಠ ಮಾಡಿದವನು ಎಣ್ಣೆಯ ಟ್ಯಾಂಕರಿನ ಮೇಲಿರುವ ‘ಇನ್‌ಫ್ಲೇಮಬಲ್’ ಪದವನ್ನು ಓದಿ, ಬೆಂಕಿ ತಗುಲದೆಂದು ಬೀಡಿ ಹಚ್ಚಿದರೆ ಗತಿಯೇನು? ಅಲ್ಲಿ ಆ ಉಪಸರ್ಗಕ್ಕೆ ‘ಇಲ್ಲ’ ಎಂಬ ಅರ್ಥವೇ ಇಲ್ಲ. ‘ಸಿಕೊಫಂಟ್’ ಪದದ ಗ್ರೀಕ್ ಮೂಲಕ್ಕೆ ‘ಅಂಜೂರವನ್ನು ತೋರಿಸುವವನು’ ಎಂದು ಅರ್ಥ. ಗ್ರೀಸಿನಲ್ಲಿ ಅದು ಚಾಡಿಕೋರನಿಗೆ ಸಂದ ಹೆಸರಾಗಿತ್ತು. ಇಂಗ್ಲಿಷಿನಲ್ಲಿ ಅದು ಮುಖಸ್ತುತಿ ಮಾಡುವವನಿಗೆ ಅಂಟಿಕೊಂಡಿದೆ. ಎಷ್ಟು ಅಂಜೂರ ಕಿವುಚಿದರೂ ಆ ಅರ್ಥ ಹೊರಡುವುದಿಲ್ಲ.

ಇದಕ್ಕೆ ಸಾಕ್ಷಿ ಹುಡುಕಲು ಅಥೆನ್ಸಿನವರೆಗೆ ಹೋಗಬೇಕಾಗಿಯೂ ಇಲ್ಲ. ಶಿಕ್ಷಣ, ಶಿಕ್ಷೆ ಎರಡೂ ಒಂದೇ ಧಾತುವಿನವು. ಹಿಂದಿಯವನಿಗೆ ‘ಶಿಕ್ಷಾ’ ಎಂದರೆ ವಿದ್ಯೆ, ಕನ್ನಡಿಗನಿಗೆ ‘ಶಿಕ್ಷೆ’ ಎಂದರೆ ದಂಡನೆ. ನಮಗೆ ‘ಉಪನ್ಯಾಸ’ ಭಾಷಣ, ಹಿಂದಿಯವನಿಗೆ ಅದೇ ಕಾದಂಬರಿ. ‘ವಿ’ ಎಂಬುದು ವಿಜ್ಞಾನದಲ್ಲಿ ವಿಶೇಷವನ್ನು ಹೇಳಿದರೆ ವಿಮುಖದಲ್ಲಿ ಬೆನ್ನು ತಿರುಗಿಸುತ್ತದೆ. ಪದದ ಹುಟ್ಟನ್ನು ಮೂಲ ಹೇಳೀತು, ಅದರ ಬಾಳನ್ನು ಹೇಳುವುದು ಬಳಕೆಯೇ. ಲೂಯಿಸರು ಅರ್ಥವನ್ನು ಮೊದಲು ವಿವರಿಸಿ ಬಳಿಕವೇ ಮೂಲಕ್ಕೆ ಇಳಿಯುತ್ತಾರೆಂಬುದನ್ನು ಇಲ್ಲಿ ನೆನೆಯಬೇಕು. ಅವರ ದಾರಿ ಹಿಡಿದ ಅಗ್ಗದ ಕೈಪಿಡಿಗಳಾದರೋ ಮೂಲಗಳ ಪಟ್ಟಿಯನ್ನಷ್ಟೇ ಅಚ್ಚುಹಾಕಿ, ಇದೇ ವಿದ್ಯೆ ಎನ್ನುತ್ತವೆ.

ಗ್ರಂಥದ ನಿಜವಾದ ಕೊರತೆ ಬೇರೆಡೆ ಇದೆ. ಅದು ಇಂಗ್ಲಿಷನ್ನು ಹುಟ್ಟಿನಿಂದಲೇ ಆಡುವವರಿಗಾಗಿ ಬರೆದದ್ದು. ಅಂಥವರಿಗೆ ಬೇಕಾದದ್ದು ದೊಡ್ಡ ಪದಗಳು. ನಮ್ಮವರು ಎಡವುವುದು ಚಿಕ್ಕ ಪದಗಳಲ್ಲಿ. ‘ಪುಟ್ ಆಫ್’ ಎಂದರೆ ಮುಂದೂಡುವುದು, ‘ಪುಟ್ ಔಟ್’ ಎಂದರೆ ಬೆಂಕಿ ಆರಿಸುವುದು, ‘ಪುಟ್ ಅಪ್ ವಿತ್’ ಎಂದರೆ ಸಹಿಸುವುದು. ಇವಕ್ಕೆ ಯಾವ ಗ್ರೀಕ್ ಧಾತು ನೆರವಾದೀತು? ಲೆಕ್ಕ ಹಾಕು, ಬೀಗ ಹಾಕು, ಹೊಂಚು ಹಾಕು ಎಂಬಲ್ಲಿ ‘ಹಾಕು’ ಏನು ಮಾಡುತ್ತದೆಂದು ಪರದೇಶದವನಿಗೆ ತಿಳಿಸುವುದೂ ಇಷ್ಟೇ ಕಷ್ಟ. ವಾಕ್ಯದಲ್ಲಿ ಕೇಳಿ, ವಾಕ್ಯದಲ್ಲಿ ಆಡಿ ಕಲಿಯದೆ ಇದಕ್ಕೆ ಅನ್ಯಮಾರ್ಗವಿಲ್ಲ.

ಇನ್ನೊಂದು ಮಾತು. ಪದಸಂಪತ್ತು ಹೆಚ್ಚಿದರೆ ಲೌಕಿಕ ಸಂಪತ್ತೂ ಹೆಚ್ಚುವುದೆಂಬ ಆಸೆಯನ್ನು ಈ ಬಗೆಯ ಪುಸ್ತಕಗಳೆಲ್ಲ ಹುಟ್ಟಿಸುತ್ತವೆ. ಅಮೆರಿಕದ ಜಾನ್ಸನ್ ಓ’ಕಾನರ್ 1930ರ ದಶಕದಲ್ಲಿ ಪರೀಕ್ಷೆಗಳನ್ನು ನಡೆಸಿ, ಉನ್ನತಾಧಿಕಾರಿಗಳಿಗೆ ಪದಜ್ಞಾನ ಅಧಿಕವೆಂದು ಬರೆದದ್ದು ಇದಕ್ಕೆ ಬಲ ಕೊಟ್ಟಿತು. ಎರಡು ಗುಣಗಳು ಒಬ್ಬನಲ್ಲಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಒಳ್ಳೆಯ ಮನೆ, ಒಳ್ಳೆಯ ಶಾಲೆ, ಓದಿನ ಹವ್ಯಾಸ ಎರಡನ್ನೂ ಕೊಟ್ಟಿರಬಹುದು. ನಮ್ಮಲ್ಲಿ ಈ ಭ್ರಮೆಗೆ ತೆರುವ ಬೆಲೆ ದೊಡ್ಡದು. ಹಳ್ಳಿಯ ಶಾಲೆಯಿಂದ ಬಂದ ಬುದ್ಧಿವಂತ ಹುಡುಗ ಸಂದರ್ಶನದ ಭಯಕ್ಕೆ ನೂರಾರು ಕಠಿಣ ಪದಗಳನ್ನು ಉರುಹೊಡೆಯುತ್ತಾನೆ. ಸರಳವಾಗಿ ಹೇಳಬಲ್ಲುದನ್ನು ಬಿಟ್ಟು ಎರವಲು ಪದವನ್ನು ಹಿಡಿಯಲು ಹೋಗಿ ತಡವರಿಸುತ್ತಾನೆ. ಕಡೆಗೆ ತನಗೆ ಬುದ್ಧಿಯೇ ಇಲ್ಲವೆಂದು ನಂಬುತ್ತಾನೆ. ಪದವಿಲ್ಲದ್ದು ಬುದ್ಧಿಯಿಲ್ಲದ್ದಲ್ಲವೆಂದು ಯಾವ ಕೈಪಿಡಿಯೂ ಅವನಿಗೆ ಹೇಳುವುದಿಲ್ಲ.

ಹಾಗೆಂದು ಈ ಗ್ರಂಥವನ್ನು ದೂರವಿಡಬೇಕಾಗಿಲ್ಲ. ಇದು ಎರಡನೆಯದಾಗಿ ಓದಬೇಕಾದ ಪುಸ್ತಕ. ಮೊದಲನೆಯದು ದಿನದ ವೃತ್ತಪತ್ರಿಕೆಯಾಗಲಿ, ಒಂದು ಒಳ್ಳೆಯ ಕಥೆಯಾಗಲಿ. ಅಲ್ಲಿ ಎದುರಾದ ಪದವನ್ನು ಅದು ಬಂದ ವಾಕ್ಯದ ಸಮೇತ ಬರೆದಿಟ್ಟುಕೊಂಡು, ಆಮೇಲೆ ಲೂಯಿಸರಲ್ಲಿ ಅದರ ಕುಲಗೋತ್ರ ವಿಚಾರಿಸಿದರೆ ಪದ ಮನಸ್ಸಿನಲ್ಲಿ ನಿಲ್ಲುತ್ತದೆ. ಮುಖಪರಿಚಯವೇ ಇಲ್ಲದವರ ವಂಶಾವಳಿಯನ್ನು ಕಟ್ಟಿಕೊಂಡು ಯಾರಿಗೇನು ಪ್ರಯೋಜನ?