ತಡ ಯಾರದು?

ಟಿ.ಪಿ. ಕೈಲಾಸಂ 1918ರಲ್ಲಿ ಬರೆದ ‘ಟೊಳ್ಳುಗಟ್ಟಿ’ ನಾಟಕಕ್ಕೆ ‘ಮಕ್ಕಳಿಸ್ಕೂಲ್ ಮನೇಲಲ್ವೇ?’ ಎಂಬ ಇನ್ನೊಂದು ಹೆಸರೂ ಇದೆ. ಅದರಲ್ಲಿ ಅಂಕ ಗಳಿಸುವ ಮಗ ಟೊಳ್ಳು, ಮನೆಯ ಆಪತ್ತಿಗೆ ಒದಗುವ ಮಗ ಗಟ್ಟಿ. ಇದನ್ನೇ ನೆಪವಾಗಿಸಿ ‘ಒಂದು ದಿನ ಶಾಲೆ ತಪ್ಪಿದರೇನು?’ ಎನ್ನುವ ಹೆತ್ತವರು ಬಸವನಗುಡಿಯಲ್ಲೂ ಇದ್ದಾರೆ, ಚಾಮರಾಜಪೇಟೆಯಲ್ಲೂ ಇದ್ದಾರೆ. ಆದರೆ ಕೈಲಾಸಂ ಛೇಡಿಸಿದ್ದು ಬರೀ ಅಂಕದ ಓದನ್ನು, ಶಾಲೆಯನ್ನಲ್ಲ. ಮನೆಯೇ ಶಾಲೆ ಎಂದರೆ ಅದು ಮನೆಗೆ ಕೊಟ್ಟ ರಿಯಾಯಿತಿಯಲ್ಲ, ಹೊರಿಸಿದ ಹೊಣೆ.

ಮದುವೆ ಊಟ ಮುಗಿಸಿ ನಡುರಾತ್ರಿ ಮರಳಿದ ಆರು ವರ್ಷದ ಮಗು ಬೆಳಗ್ಗೆ ತಾನಾಗಿ ಏಳಲಾರದು. ತಡವಾಗಿ ಹೋದರೆ ಅರ್ಧ ಪಾಠ ಮುಗಿದಿರುತ್ತದೆ, ತರಗತಿಯೆಲ್ಲ ತಿರುಗಿ ನೋಡುತ್ತದೆ. ಮರುದಿನ ಅದಕ್ಕೆ ಹೊಟ್ಟೆನೋವು. ಕೊನೆಗೆ ದಡ್ಡ ಎನಿಸಿಕೊಳ್ಳುವುದೂ ಆ ಮಗುವೇ. ನಾಟಕದ ಹೆಸರಿನಲ್ಲಿರುವ ಪ್ರಶ್ನೆ ದೊಡ್ಡವರಾದ ನಮಗೇ ಕೇಳಿದ್ದು.