ಮುನ್ನುಡಿಗೆ ಮುಂಚೆ ಯಾರಾದ್ರೂ ಓದಿದ್ರಾ?

ಇಂಗ್ಲಿಷಿನಲ್ಲಿ ಕಾದಂಬರಿ ಬರೆದವರು ಪ್ರಕಾಶಕರ ಬಾಗಿಲಿಗೆ ನೇರವಾಗಿ ಹೋಗೋದು ಕಡಿಮೆ. ನಡುವೆ ಒಬ್ಬ ಲಿಟರರಿ ಏಜೆಂಟ್ ಇರ್ತಾರೆ. ಪುಸ್ತಕ ಮಾರಾಟವಾದರೇ ಅವರಿಗೆ ಕಮಿಷನ್, ಸಾಮಾನ್ಯವಾಗಿ ಶೇ. 15. ಹಾಗಾಗಿ 'ಮೊದಲ ಮೂರು ಅಧ್ಯಾಯ ತೆಗೀರಿ' ಅಂತ ಮುಲಾಜಿಲ್ಲದೆ ಹೇಳ್ತಾರೆ. ಕನ್ನಡದಲ್ಲಿ ಈ ಕಸುಬು ಬೇರು ಬಿಟ್ಟಿಲ್ಲ. ಲೆಕ್ಕ ಹಾಕಿ ನೋಡಿ: 200 ರೂಪಾಯಿ ಬೆಲೆ, 1,000 ಪ್ರತಿ, ಶೇ. 10 ಗೌರವಧನ. ಎಲ್ಲ ಪ್ರತಿ ಖರ್ಚಾದರೂ ಲೇಖಕರಿಗೆ 20,000, ಏಜೆಂಟರಿಗೆ 3,000. ಆರು ತಿಂಗಳು ಕೂತು ತಿದ್ದಿಸೋರು ಯಾರು?

ಹಾಗಂತ ತಿದ್ದುವುದು ನಮಗೆ ಹೊಸತಲ್ಲ. 9ನೇ ಶತಮಾನದ 'ಕವಿರಾಜಮಾರ್ಗ'ವೇ ದೋಷವಿರುವ ಪದ್ಯ ಕೊಟ್ಟು, ಅದು ಸರಿಯಾಗೋದು ಹೇಗೆ ಅಂತ ತೋರಿಸುತ್ತೆ. ಧಾರವಾಡದ ಮನೋಹರ ಗ್ರಂಥಮಾಲೆಯಲ್ಲಿ ಜಿ.ಬಿ. ಜೋಶಿಯವರ ಜೊತೆ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರಿದ್ದರು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಕೂತು ಬರೆಯೋ ಹುಡುಗ ಹುಡುಗಿಯರಿಗೆ ಅಂಥ ಅಟ್ಟ ಎಲ್ಲಿದೆ?

ಈ ಕಡೆಯ ಒಂದಷ್ಟು ಹಸ್ತಪ್ರತಿಗಳನ್ನು, ಅವು ಪುಸ್ತಕವಾದ ಮೇಲೂ ಓದಿದ್ದೇನೆ. ಎರಡಕ್ಕೂ ವ್ಯತ್ಯಾಸ ಬಹಳ ಸಲ ಕಾಗುಣಿತದ್ದು ಮಾತ್ರ. ಯಾಕಂದ್ರೆ ಬರೆದವರನ್ನು ಬಿಟ್ಟು ಅದನ್ನು ಪೂರ್ತಿ ಓದೋರು ಇಬ್ಬರೇ: ಡಿಟಿಪಿ ಮಾಡೋರು ಮತ್ತು ಮುನ್ನುಡಿ ಬರೆಯೋರು. ಮುನ್ನುಡಿಕಾರರಿಗೆ ಪ್ರತಿ ತಲುಪೋ ಹೊತ್ತಿಗೆ ಪುಟ ಕಟ್ಟಿ ಆಗಿರುತ್ತೆ, ಬಿಡುಗಡೆಯ ದಿನವೂ ಗೊತ್ತಾಗಿರುತ್ತೆ. ಆಗ ಅವರು ಹೊಗಳಬಹುದು, ಇಲ್ಲ 'ಭರವಸೆಯ ಲೇಖಕ' ಅಂತ ಬರೆದು ಕೈತೊಳೆದುಕೊಳ್ಳಬಹುದು. ಕಥೆಯ ಮಧ್ಯೆ ಕಾಣೆಯಾದ ತಂಗಿ ಎಲ್ಲಿಗೆ ಹೋದಳು ಅಂತ ಕೇಳೋ ಕಾಲ ಮೀರಿರುತ್ತೆ.

ಇನ್ನೊಂದು ಅಪಾಯ, ತಪ್ಪು ತಿದ್ದುಪಡಿ. ಹೊಗೆಸೊಪ್ಪು ಬೇಯಿಸೋ ಮನೆಯ ಅಜ್ಜಿ 'ಬ್ಯಾರನ್‌ಗೆ ಸೌದೆ ಆಕ್ಬುಟ್ ಬತ್ತೀನಿ ಕಣವ್ವ' ಅಂದರೆ, ಯಾರೋ ಅದನ್ನು 'ಒಲೆಗೆ ಕಟ್ಟಿಗೆ ಹಾಕಿ ಬರುತ್ತೇನಮ್ಮ' ಅಂತ ಮಾಡಿಡ್ತಾರೆ. ಕಾಗುಣಿತ ಸರಿಹೋಯ್ತು, ಅಜ್ಜಿ ಸತ್ತಳು. ಪಕ್ಕದ ನಂಜನಗೂಡು ಸೀಮೆಯ ಮಾತಿನಲ್ಲಿರುವ ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ಯಾರಾದರೂ ಹೀಗೆ ಶುದ್ಧ ಮಾಡಿದ್ದರೆ ನಮಗೆ ಉಳಿಯುತ್ತಿದ್ದುದೇನು?

ಒಳ್ಳೆಯ ತಿದ್ದುವಿಕೆ ಮಾತನ್ನು ಮುಟ್ಟೋಕೆ ಮುಂಚೆ ಆಯ್ಕೆಯನ್ನು ಮುಟ್ಟುತ್ತೆ. 2025ರ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ 'ಹಾರ್ಟ್ ಲ್ಯಾಂಪ್' ನೋಡಿ. ಬಾನು ಮುಷ್ತಾಕ್ ಮೂರು ದಶಕ ಬರೆದ ಕಥೆಗಳಲ್ಲಿ ದೀಪಾ ಭಾಸ್ತಿ ಆರಿಸಿದ್ದು 12. ಕನ್ನಡದ ಪದಗಳನ್ನು ಇಟಾಲಿಕ್ಸ್ ಮಾಡದೆ ಹಾಗೇ ಉಳಿಸಿದರು. ಕಥೆ ಬಿಡೋದರಲ್ಲಿ ನಿಷ್ಠುರ, ಮಾತು ಉಳಿಸೋದರಲ್ಲಿ ಹಟ. ನಮ್ಮ ಎಷ್ಟೋ ಮೊದಲ ಸಂಕಲನಗಳಲ್ಲಿ ಇದು ತಿರುಗಾಮುರುಗಾ: ಬರೆದದ್ದೆಲ್ಲ ಒಳಗೆ, ಊರಿನ ಮಾತು ಹೊರಗೆ.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ. ಒಳ್ಳೇದೇ. ಆದರೆ ಆ ದುಡ್ಡು ಅಚ್ಚಿಗೆ, ಅದು ಓದುಗನನ್ನು ತಂದುಕೊಡಲ್ಲ. ಹಾಗಾಗಿ ಬರೆಯೋರಿಗೆ ನನ್ನ ಮಾತು ಇಷ್ಟೇ: ಮುನ್ನುಡಿಕಾರರಿಗೆ ಕೊಡೋ ಪ್ರತಿಯನ್ನು ಆರು ತಿಂಗಳು ಮುಂಚೆ ಕೊಡಿ, ಮುನ್ನುಡಿ ಕೇಳಬೇಡಿ, ಎಲ್ಲಿ ಬೇಜಾರಾಯ್ತು ಅಂತ ಕೇಳಿ.

ಇನ್ನು ಬೆಂಗಳೂರಲ್ಲಿರೋ ನಾವು. ಆಫೀಸಿನಲ್ಲಿ ರಿವ್ಯೂ ಆಗದೆ ಹತ್ತು ಸಾಲು ಕೋಡ್ ಹೊರಗೆ ಬಿಡಲ್ಲ. ಊರಿನ ಗೆಳೆಯ ಕಳಿಸಿದ ಇನ್ನೂರು ಪುಟಕ್ಕೆ ಮಾತ್ರ ಓದದೇನೇ 'ಸೂಪರ್ ಗುರೂ' ಅಂತ ವಾಟ್ಸಾಪ್ ಮಾಡ್ತೀವಿ. ಅವನಿಗೆ ಏಜೆಂಟ್ ಸಿಗಲ್ಲ, ನಾವಾದ್ರೂ ಓದಬಹುದಲ್ವಾ?