ಬಾಗಿಲ ಮುಂದೆ ತಟ್ಟೆ ಇಟ್ಟವರು



ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಕಡೆಯವರಾದ ನಮಗೆ ಸಮುದ್ರದ ಪರಿಚಯ ಅಷ್ಟಕ್ಕಷ್ಟೇ. ಮಳೆ ಬಂದರೆ ಕೆರೆಯ ನೀರು, ಬಾರದಿದ್ದರೆ ಕೊಳವೆಬಾವಿಯ ನೀರು, ಇಷ್ಟೇ ನಾವು ಕಂಡದ್ದು. ಹೀಗಿರುವಾಗ ಜಪಾನಿನ ಬಂದರಿನಲ್ಲಿ ತಡೆದು ನಿಲ್ಲಿಸಲಾದ ವಿಹಾರ ನೌಕೆಯೊಂದರ ಕುರಿತಾದ ಸಾಕ್ಷ್ಯಚಿತ್ರವನ್ನು ಈ ಪುಟಗಳಲ್ಲಿ ಚರ್ಚಿಸುವುದೇಕೆ ಎಂದು ನೀವು ಕೇಳಬಹುದು. ಕಾರಣವಿದೆ. 2020ರ ಮಾರ್ಚ್ 25ರಿಂದ ನಾವೆಲ್ಲರೂ ಬಾಗಿಲು ಮುಚ್ಚಿಕೊಂಡು ಮನೆಯೊಳಗೆ ಉಳಿದೆವು. ಅದಕ್ಕೆ ಸರಿಯಾಗಿ ಏಳು ವಾರಗಳ ಮೊದಲೇ ಆ ಹಡಗಿನ ಜನರು ಅದೇ ಪಾಡನ್ನು ಅನುಭವಿಸಲಾರಂಭಿಸಿದ್ದರು. ಅವರ ಕಥೆಯನ್ನು ನೋಡುವಾಗ ನಮ್ಮ ಕಥೆಯಲ್ಲಿ ನಾವು ಮರೆತುಬಿಟ್ಟ ಕೆಲವರು ನೆನಪಿಗೆ ಬರುತ್ತಾರೆ.

ಹನ್ನಾ ಓಲ್ಸನ್ ನಿರ್ದೇಶಿಸಿದ, ಎಚ್‌ಬಿಒ ವಾಹಿನಿಯು 2021ರ ಮಾರ್ಚ್‌ನಲ್ಲಿ ಪ್ರಸಾರ ಮಾಡಿದ ಆ ಸಾಕ್ಷ್ಯಚಿತ್ರದ ಹೆಸರು ‘ದಿ ಲಾಸ್ಟ್ ಕ್ರೂಸ್’. ಸುಮಾರು 40 ನಿಮಿಷಗಳ ಚಿತ್ರ. ಹಡಗಿನಲ್ಲಿದ್ದ ಪ್ರಯಾಣಿಕರು ಮತ್ತು ಕೆಲಸಗಾರರು ತಾವೇ ಚಿತ್ರೀಕರಿಸಿಕೊಂಡ ದೃಶ್ಯಗಳು ಇದರ ಜೀವಾಳ.

ಘಟನೆಯನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳೋಣ. ‘ಡೈಮಂಡ್ ಪ್ರಿನ್ಸೆಸ್’ ಎಂಬ ಹಡಗು 2020ರ ಜನವರಿ 20ರಂದು ಯೊಕೊಹಾಮಾ ಬಂದರಿನಿಂದ ಹೊರಟಿತು. ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋಗಿದ್ದ ಪ್ರಯಾಣಿಕರೊಬ್ಬರಿಗೆ ಕೊರೊನಾ ಸೋಂಕು ತಗಲಿರುವುದು ಫೆಬ್ರವರಿ 1ರಂದು ದೃಢಪಟ್ಟಿತು. ಫೆಬ್ರವರಿ 3ರಂದು ಹಡಗು ಯೊಕೊಹಾಮಾಕ್ಕೆ ಮರಳಿದಾಗ ಯಾರನ್ನೂ ದಡಕ್ಕೆ ಇಳಿಯಗೊಡಲಿಲ್ಲ. 5ರಂದು ಮೊದಲ 10 ಪ್ರಕರಣಗಳು ಪತ್ತೆಯಾದ ಕೂಡಲೇ ಪ್ರಯಾಣಿಕರು 14 ದಿನ ತಂತಮ್ಮ ಕೋಣೆಗಳಲ್ಲೇ ಇರತಕ್ಕದ್ದೆಂಬ ಆಜ್ಞೆಯಾಯಿತು. ಹಡಗಿನಲ್ಲಿದ್ದವರು ಒಟ್ಟು 3,711 ಮಂದಿ. ಅವರಲ್ಲಿ 2,666 ಪ್ರಯಾಣಿಕರು, 1,045 ಸಿಬ್ಬಂದಿ. ಎಲ್ಲವೂ ಮುಗಿಯುವ ಹೊತ್ತಿಗೆ 712 ಮಂದಿಗೆ ಸೋಂಕು ತಗಲಿತ್ತು. ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಕೋಣೆಯೊಳಗಿನ ಬದುಕು ಹೇಗಿತ್ತು? ಹೆಚ್ಚು ಹಣ ತೆತ್ತವರಿಗೆ ಸಮುದ್ರದ ಕಡೆಗೆ ತೆರೆಯುವ ಬಾಲ್ಕನಿ ಇತ್ತು. ಕಡಿಮೆ ದರದ ಒಳಗಿನ ಕೋಣೆಗಳಿಗೆ ಕಿಟಕಿಯೂ ಇರಲಿಲ್ಲ. ದೀಪ ಆರಿಸಿದರೆ ಹಗಲೂ ರಾತ್ರಿಯೇ. ಅಂಥವರನ್ನು ಮುಖಗವಸು ಹಾಕಿಸಿ, ದೂರ ದೂರ ನಿಲ್ಲಿಸಿ, ಸ್ವಲ್ಪ ಹೊತ್ತು ಮೇಲಿನ ಅಟ್ಟಣೆಯಲ್ಲಿ ನಡೆದಾಡಲು ಬಿಡುತ್ತಿದ್ದರು. ಪ್ರಯಾಣಿಕರಿಗೆ ಜ್ವರಮಾಪಕಗಳನ್ನು ಹಂಚಲಾಯಿತು. ನಿತ್ಯವೂ ನುಂಗಬೇಕಾದ ಮಾತ್ರೆಗಳು ಮುಗಿದುಹೋದವರ ಸಂಕಟ ಹೇಳತೀರದು. ಔಷಧಿಯ ಕೊರತೆಯಿದೆ ಎಂದು ಜಪಾನಿನ ಬಾವುಟದ ಮೇಲೆ ಬರೆದು ಬಾಲ್ಕನಿಯಿಂದ ತೂಗುಬಿಟ್ಟವರೂ ಇದ್ದರು. ಈ ಬಳಲಿಕೆ ಸುಳ್ಳಲ್ಲ. ಚಿತ್ರವು ಅದನ್ನು ಗೇಲಿ ಮಾಡುವುದಿಲ್ಲ ಎಂಬುದು ಅದರ ಮೊದಲ ಗುಣ. ಸಿರಿವಂತರ ವಿಹಾರವೆಂದ ಮಾತ್ರಕ್ಕೆ ಅವರ ಭಯ ಅಗ್ಗವಾಗುವುದಿಲ್ಲ.

ಎರಡನೆಯ ಗುಣ ಇನ್ನೂ ದೊಡ್ಡದು. ಕೋಣೆಯಲ್ಲಿ ಕುಳಿತವರ ಬಳಿಗೆ ದಿನಕ್ಕೆ ಮೂರು ಹೊತ್ತು ಊಟ ಬರುತ್ತಿತ್ತು. ಬಾಗಿಲು ತಟ್ಟಿದ ಸದ್ದು, ತೆರೆದರೆ ತಟ್ಟೆ. ಆ ತಟ್ಟೆ ಎಲ್ಲಿಂದ ಬಂತು? ಚಿತ್ರವು ಈ ಪ್ರಶ್ನೆಯ ಬೆನ್ನುಹತ್ತಿ ನಮ್ಮನ್ನು ಹಡಗಿನ ಕೆಳಗಿನ ಅಂತಸ್ತುಗಳಿಗೆ ಕರೆದೊಯ್ಯುತ್ತದೆ. ಅಲ್ಲಿ ಅಡುಗೆ ಮಾಡುವವರು, ಪಾತ್ರೆ ತೊಳೆಯುವವರು, ಕಾವಲು ಕಾಯುವವರು ಇದ್ದಾರೆ. ಅವರಿಗೆ ಪ್ರತ್ಯೇಕವಾಸವೆಂಬುದೇ ಇರಲಿಲ್ಲ. ಒಂದೇ ಕೋಣೆಯನ್ನು ಹಂಚಿಕೊಂಡು ಮಲಗಿ, ಒಟ್ಟಿಗೆ ಕುಳಿತು ಉಂಡು, ಎದ್ದು ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ಒಂದೇ ಹಡಗಿನಲ್ಲಿ ಒಂದು ನಿಯಮ ಮೇಲಿನವರಿಗೆ, ಇನ್ನೊಂದು ಕೆಳಗಿನವರಿಗೆ! ಎರಡೂ ಕಡೆಯ ದೃಶ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು, ದೀರ್ಘ ಉಪದೇಶವಿಲ್ಲದೆಯೇ ನಿರ್ದೇಶಕಿ ಇದನ್ನು ನಮಗೆ ಮನಗಾಣಿಸುತ್ತಾರೆ.

ಇದರ ಪರಿಣಾಮ ಅಂಕಿಅಂಶಗಳಲ್ಲೂ ಕಂಡಿತು. ಫೆಬ್ರವರಿ 9ರವರೆಗೆ ಸೋಂಕು ದೃಢಪಟ್ಟ 20 ಸಿಬ್ಬಂದಿಯಲ್ಲಿ 15 ಮಂದಿ ಊಟೋಪಚಾರದ ವಿಭಾಗದವರೇ ಆಗಿದ್ದರು. 16 ಮಂದಿ ವಾಸವಿದ್ದದ್ದು ಒಂದೇ ಅಂತಸ್ತಿನಲ್ಲಿ.

ರೇಷ್ಮೆ ಸಾಕುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಮನೆಯ ಶಿಸ್ತು ಎಂಥದ್ದೆಂದು ಶಿಡ್ಲಘಟ್ಟ, ಚಿಂತಾಮಣಿಯ ರೈತ ಕುಟುಂಬಗಳಿಗೆ ಗೊತ್ತು. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಕಾಲಿಗೆ, ಕೈಗೆ ಸೋಂಕು ನಿವಾರಕ. ನೆಲಕ್ಕೆ ಬ್ಲೀಚಿಂಗ್ ಪುಡಿ, ಸುಣ್ಣ. ಹಾಲುತೊಂಡೆಯೋ ಸಪ್ಪೆ ರೋಗವೋ ಬಂದರೆ ಇಡೀ ಬೆಳೆ ಹೋಗುತ್ತದೆ. ಆದುದರಿಂದ ಅಲ್ಲಿ ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಸೊಪ್ಪು ಹಾಕುವವರ ಕೈಯ ಬಗ್ಗೆ. ತಟ್ಟೆಯಿಂದ ತಟ್ಟೆಗೆ ಓಡಾಡುವ ಕೈ ಅದೊಂದೇ. ಆ ಕೈಯನ್ನು ಕಾಪಾಡದೆ ಹುಳುವನ್ನು ಕಾಪಾಡಲಾಗದು. ನಮ್ಮ ಹಳ್ಳಿಯ ಮನೆಗಳಿಗೆ ತಿಳಿದಿರುವ ಈ ಸರಳ ಸತ್ಯ ಅಷ್ಟು ದೊಡ್ಡ ಹಡಗಿನಲ್ಲಿ ಏಕೆ ಆಚರಣೆಗೆ ಬರಲಿಲ್ಲ? ಊಟ ಕೊಂಡೊಯ್ಯುವವರನ್ನು ಹಡಗಿನ ಸೌಕರ್ಯದ ಒಂದು ಭಾಗವೆಂದು ಎಣಿಸಿದರೇ ಹೊರತು, ಕಾಪಾಡಬೇಕಾದ ಜೀವಗಳೆಂದು ಮೊದಲಿಗೆ ಎಣಿಸಲಿಲ್ಲ ಎಂಬುದೇ ನನಗೆ ತೋರುವ ಉತ್ತರ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸೋಂಕಿನ ಬಹುಪಾಲು ಫೆಬ್ರವರಿ 5ಕ್ಕೆ ಮೊದಲೇ ಹರಡಿತ್ತೆಂದು ಜಪಾನಿನ ಆರೋಗ್ಯಾಧಿಕಾರಿಗಳು ವಾದಿಸಿದರು. ಕೊಬೆ ವಿಶ್ವವಿದ್ಯಾಲಯದ ಸೋಂಕುರೋಗ ತಜ್ಞ ಕೆಂಟಾರೊ ಇವಾಟಾ ಅವರು ಫೆಬ್ರವರಿ 18ರಂದು ಹಡಗನ್ನು ಹೊಕ್ಕು ನೋಡಿ, ಸುರಕ್ಷಿತ ವಲಯವೆಲ್ಲಿ, ಸೋಂಕಿನ ವಲಯವೆಲ್ಲಿ ಎಂಬ ಸ್ಪಷ್ಟ ವಿಂಗಡಣೆಯೇ ಇಲ್ಲವೆಂದು ಬಹಿರಂಗವಾಗಿ ಟೀಕಿಸಿದರು. ಹಿಂದೆಂದೂ ಕಾಣದ ರೋಗ, ಸಾವಿರಾರು ಜನ, ಅವಸರದ ತೀರ್ಮಾನಗಳು. ದಡದಲ್ಲಿದ್ದವರಿಗೂ ಸುಲಭದ ದಾರಿ ಇರಲಿಲ್ಲ. ಚಿತ್ರದ ಮೊದಲ ಕೊರತೆ ಇಲ್ಲಿಯೇ ಇದೆ. ಒಳಗಿದ್ದವರ ಜೊತೆಯಲ್ಲೇ ಉಳಿಯುವ ನಿರ್ಧಾರದಿಂದ ಅದಕ್ಕೆ ಸತ್ಯದ ಬಿಸಿ ಬಂದಿದೆ, ನಿಜ. ಆದರೆ ನಿಯಮಗಳನ್ನು ಮಾಡಿದವರ ಒಳಲೆಕ್ಕ ನಮಗೆ ತಿಳಿಯುವುದಿಲ್ಲ. ಅನ್ಯಾಯ ಕಣ್ಣಿಗೆ ಕಾಣುತ್ತದೆ, ಅದು ಹೇಗೆ ಹುಟ್ಟಿತು ಎಂಬುದು ಕಾಣುವುದಿಲ್ಲ.

ಎರಡನೆಯ ಕೊರತೆ ನಮಗೆ ಇನ್ನೂ ಹತ್ತಿರದ್ದು. ಹಡಗಿನಲ್ಲಿ 138 ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು ಕೇವಲ 6 ಮಂದಿ. ಉಳಿದ 132 ಮಂದಿಯೂ ದುಡಿಯಲು ಹೋದವರು. ನಮ್ಮ ನಾಡಿನ ಕಾರವಾರದ ಯುವಕನೊಬ್ಬನೂ ಅಲ್ಲಿ ಕೆಲಸಕ್ಕಿದ್ದನೆಂದು ಆಗಿನ ಪತ್ರಿಕೆಗಳು ವರದಿ ಮಾಡಿದ್ದವು. ಬಂಗಾಳದ ಅಡುಗೆಯವನೊಬ್ಬ ಸಂಗಡಿಗರೊಡನೆ ಮುಖಗವಸು ತೊಟ್ಟು ನಿಂತು, ನಮ್ಮನ್ನು ಕಾಪಾಡಿರೆಂದು ಪ್ರಧಾನಿಯವರಿಗೆ ಮಾಡಿದ ಮನವಿಯ ವಿಡಿಯೋ ದೇಶದಾದ್ಯಂತ ಹರಡಿತ್ತು. ಚಿತ್ರದಲ್ಲಿ ಭಾರತೀಯ ಯುವತಿಯೊಬ್ಬಳ ಮಾತು ಕೇಳಿಬರುತ್ತದೆ. ಅದು ಸಮಾಧಾನದ ಸಂಗತಿ. ಆದರೆ ಇಂಥವರ ಮನೆಗಳು ಚಿತ್ರದ ಆಚೆಗೇ ಉಳಿದವು. ದೂರದೂರಿಗೆ ಮಗನನ್ನೋ ಮಗಳನ್ನೋ ದುಡಿಯಲು ಕಳುಹಿಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ಆ ಕೆಲಸ ಆ ಮನೆಗೆ ಏನಾಗಿತ್ತು, ಯಾವ ಸಾಲ, ಯಾವ ಆಸೆ ಅದರ ಹಿಂದಿತ್ತು ಎಂಬುದು ತಿಳಿಯದೆ, ರೋಗದ ನಡುವೆಯೂ ತಟ್ಟೆ ಹೊತ್ತು ನಡೆದ ಆ ಕಾಲುಗಳ ಭಾರ ನೋಡುವವರಿಗೆ ಪೂರ್ತಿ ತಿಳಿಯುವುದಿಲ್ಲ.

ಫೆಬ್ರವರಿ 19ರಿಂದ ಪ್ರಯಾಣಿಕರು ಇಳಿಯತೊಡಗಿದರು. ಸಿಬ್ಬಂದಿಯ ಬಹುಪಾಲು ಹಡಗಿನಲ್ಲೇ ಉಳಿಯಿತು. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು. ಅವರು ಮಾನೇಸರದ ಸೇನಾ ಶಿಬಿರದಲ್ಲಿ ಮತ್ತೆ 14 ದಿನ ಕಳೆಯಬೇಕಾಯಿತು. ಸೋಂಕು ತಗಲಿದ್ದವರು ಜಪಾನಿನ ಆಸ್ಪತ್ರೆಗಳಲ್ಲಿದ್ದರು. ಮಾರ್ಚ್ 1ರಂದು ಎಲ್ಲರೂ ಇಳಿದ ಮೇಲೆ ಕೊನೆಯವರಾಗಿ ಇಳಿದವರು ಕಪ್ತಾನ ಜೆನ್ನಾರೊ ಆರ್ಮಾ.

ಆ ವರ್ಷದ ಬೂದಿ ಬುಧವಾರ ಫೆಬ್ರವರಿ 26ರಂದು ಬಂದಿತ್ತು. ಭಾರತೀಯರು ತಾಯ್ನಾಡಿಗೆ ಮರಳಿದ್ದು ಅದರ ಮರುದಿನ. ‘ಕ್ವಾರಂಟೈನ್’ ಎಂಬ ಪದ ಹುಟ್ಟಿದ್ದು ಪ್ಲೇಗಿನ ಕಾಲದಲ್ಲಿ ಹಡಗುಗಳನ್ನು ಬಂದರಿನಾಚೆ ತಡೆದು ನಿಲ್ಲಿಸುತ್ತಿದ್ದ ವೆನಿಸ್ ಜನರ ನುಡಿಯಲ್ಲಿ. ಅದರ ಅರ್ಥ 40 ದಿನಗಳು ಎಂದು. ತಪಸ್ಸುಕಾಲವೂ 40 ದಿನಗಳದ್ದೇ. ಆದರೆ ಎರಡಕ್ಕೂ ಎಷ್ಟು ಅಂತರ! ತಪಸ್ಸುಕಾಲದಲ್ಲಿ ನಾವು ಬಿಟ್ಟ ತುತ್ತು ಇನ್ನೊಬ್ಬರ ಪಾಲಿಗೆ ಸಲ್ಲಬೇಕು. ಹಡಗಿನ ಏಕಾಂತವಾದರೋ ಇನ್ನೊಬ್ಬರು ಹೊತ್ತು ತಂದ ತುತ್ತಿನ ಮೇಲೆ ನಿಂತಿತ್ತು.

ನಮ್ಮ ಜಿಲ್ಲೆಯಲ್ಲಿ ಮೊದಲ ಪ್ರಕರಣಗಳು ಕಂಡದ್ದು 2020ರ ಮಾರ್ಚಿನಲ್ಲಿ, ಗೌರಿಬಿದನೂರಿನಲ್ಲಿ. ಪ್ಲೇಗು ಬಂದ ಕಾಲದಲ್ಲಿ ಹಳೆಯ ಮೈಸೂರಿನ ಜನ ಮನೆ ತೊರೆದು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ್ದರು. ಅಂದು ಮನೆ ಬಿಡಬೇಕಾಗಿತ್ತು, ಈ ಸಲ ಮನೆಯಲ್ಲೇ ಇರಬೇಕಾಯಿತು. ಆ ದಿನಗಳನ್ನು ನೆನೆಯುವಾಗ ನಾವು ಹೇಳಿಕೊಳ್ಳುವುದೇನು? ಮಕ್ಕಳೊಡನೆ ಆಡಿದ ಆಟ, ಟಿವಿಯಲ್ಲಿ ಕಂಡ ಬಲಿಪೂಜೆ, ಮನೆಯಲ್ಲೇ ಕಳೆದ ಪಾಸ್ಕ. ಇವೆಲ್ಲವೂ ಬಾಲ್ಕನಿ ಇದ್ದವರ ನೆನಪುಗಳು. ಬೆಳಗಿನ ಜಾವ ಹಾಲು ತಂದವರು, ಬೀದಿ ಗುಡಿಸಿದ ಪೌರಕಾರ್ಮಿಕರು, ಮನೆಮನೆಗೆ ಬಂದು ಜ್ವರವಿದೆಯೇ ಎಂದು ಕೇಳಿದ ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯಲ್ಲಿ ರಾತ್ರಿಯಿಡೀ ದುಡಿದ ದಾದಿಯರು, ಇವರು ನಮ್ಮ ಹಡಗಿನ ಕೆಳಗಿನ ಅಂತಸ್ತಿನವರು. ಅವರಿಗಾಗಿ ಒಂದು ಸಂಜೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಅವರ ಮನೆಯಲ್ಲಿ ಯಾರಿಗೆ ಕಾಯಿಲೆಯಾಯಿತು, ಅವರ ಸಂಬಳ ಸಮಯಕ್ಕೆ ಬಂತೇ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದೆವು?

ಚಿತ್ರದ ಬಗ್ಗೆ ನನ್ನ ಅಭಿಪ್ರಾಯವಿಷ್ಟು. ಇದು ಚಿಕ್ಕದು, ಅಪೂರ್ಣವೂ ಹೌದು. ಇನ್ನೊಂದು ಅರ್ಧ ಗಂಟೆಯನ್ನು ಕೆಳಗಿನ ಅಂತಸ್ತಿನವರಿಗೆ ಕೊಟ್ಟಿದ್ದರೆ ಬಹಳ ದೊಡ್ಡ ಕೃತಿಯಾಗುತ್ತಿತ್ತು. ಆದರೂ ಬಂಧನದ ಕಥೆಯೆಂದರೆ ಒಳಗೆ ಕುಳಿತವರು ಹೊತ್ತು ಕಳೆದ ಕಥೆಯಷ್ಟೇ ಅಲ್ಲ, ಅವರ ಹೊತ್ತಿನ ಊಟಕ್ಕಾಗಿ ಹೊರಗೆ ನಡೆದಾಡಿದವರ ಕಥೆಯೂ ಹೌದೆಂದು ತೋರಿಸಿಕೊಟ್ಟದ್ದಕ್ಕಾಗಿ ಇದು ನೋಡತಕ್ಕ ಚಿತ್ರ. ಸಾಧ್ಯವಾದರೆ ಬೆಳೆದ ಮಕ್ಕಳೊಡನೆ ಕುಳಿತು ನೋಡಿರಿ. ಮುಗಿದ ಬಳಿಕ, 2020ರಲ್ಲಿ ನಿಮ್ಮ ಬೀದಿಗೆ ಹಾಲು ತಂದವರು ಯಾರು, ಕಸ ಒಯ್ದವರು ಯಾರು ಎಂದು ಅವರನ್ನು ಕೇಳಿರಿ. ಹೆಸರುಗಳು ನೆನಪಿಗೆ ಬಾರದಿದ್ದರೆ, ಮರುದಿನ ಬೆಳಿಗ್ಗೆ ಬಾಗಿಲು ತೆರೆದು ಅವರನ್ನೇ ಕೇಳಿ ತಿಳಿದುಕೊಳ್ಳಿರಿ.